ಮಾತೇ ಹೊರಡದಿರುವಾಗ ಪ್ರಾರ್ಥಿಸುವುದು ಹೇಗೆ?

ಪ್ರಶ್ನೆ:
ನಮ್ಮ ತಂದೆಗೆ ಪಾರ್ಶ್ವವಾಯು ಬಡಿದು ಎಂಟು ತಿಂಗಳಾಯಿತು. ಮೊದಮೊದಲು ಕಣ್ಣೀರಿಟ್ಟು ಬೇಡಿಕೊಳ್ಳುತ್ತಿದ್ದೆ. ಈಗ ರಾತ್ರಿ ಅವರನ್ನು ಮಗ್ಗುಲು ಬದಲಿಸಿ ಮಲಗಿಸಿ ಮೊಣಕಾಲೂರಿದರೆ ‘ಕರ್ತನೇ’ ಎಂಬುದರಾಚೆಗೆ ಒಂದು ಮಾತೂ ಹೊರಡುವುದಿಲ್ಲ. ಇದು ನಂಬಿಕೆ ಕುಂದಿದ್ದರ ಗುರುತೆಂದು ಸಭೆಯ ಹಿರಿಯರೊಬ್ಬರು ಹೇಳಿದ್ದು ಮುಳ್ಳಿನಂತೆ ನಾಟಿಕೊಂಡಿದೆ. ಹೇಳಿದ್ದನ್ನೇ ಸುಮ್ಮನೆ ಹೇಳಬಾರದೆಂದು ಯೇಸುವೇ ಬೋಧಿಸಿರುವಾಗ ನಾನು ಏನೆಂದು ಪ್ರಾರ್ಥಿಸಲಿ?

ಉತ್ತರ 1:
ದಯವಿಟ್ಟು ಇಂದು ರಾತ್ರಿ ಸತ್ಯವೇದದ (ಬೈಬಲಿನ) 88ನೆಯ ಕೀರ್ತನೆಯನ್ನು ಓದಿರಿ. ಎಷ್ಟೋ ಕೀರ್ತನೆಗಳು ಗೋಳಿನಿಂದ ಆರಂಭವಾಗಿ ಸ್ತೋತ್ರದಲ್ಲಿ ಮುಗಿಯುತ್ತವೆ. ಇದು ಹಾಗಲ್ಲ, ಇಬ್ರಿಯ ಮೂಲದಲ್ಲಿ ಇದರ ಕಡೆಯ ಪದವೇ ಕತ್ತಲೆ. ಆದರೂ ಅದು ಸತ್ಯವೇದದೊಳಗೆ ಪ್ರಾರ್ಥನೆಯಾಗಿಯೇ ಉಳಿದಿದೆ. ಏಕೆಂದರೆ ಈ ಕೀರ್ತನೆಯ ಕರ್ತೃವೆಂದು ಹೆಸರಿಸಲಾದ ಹೇಮಾನನು ತನ್ನ ಕತ್ತಲೆಯನ್ನು ಬೇರೆಲ್ಲಿಗೂ ಒಯ್ಯದೆ, ತನ್ನನ್ನು ರಕ್ಷಿಸುವ ದೇವರೆಂದು ತಾನು ಕರೆದಾತನ ಮುಂದೆಯೇ ಸುರಿದನು. ನಂಬಿಕೆ ಸತ್ತವರು ಮೊಣಕಾಲೂರಿ ‘ಕರ್ತನೇ’ ಎನ್ನುವುದಿಲ್ಲ. ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದಿರುವಾಗ ಪವಿತ್ರಾತ್ಮನು ತಾನೇ ಮಾತಿಗೆ ನಿಲುಕದ ನರಳಾಟದಿಂದ ನಮಗಾಗಿ ಬೇಡುತ್ತಾನೆಂದು ಪೌಲನು ರೋಮಾಪುರದವರಿಗೆ ಬರೆದದ್ದು (8:26) ನಿಮ್ಮಂಥವರಿಗಾಗಿಯೇ.

ಉತ್ತರ 2:
ಹೇಳಿದ್ದನ್ನೇ ಹೇಳುವ ವಿಷಯಕ್ಕೆ ಒಂದು ಮಾತು. ಯೇಸು ಖಂಡಿಸಿದ್ದು ಬಹಳ ಮಾತಾಡಿದರೆ ದೇವರು ಕೇಳುತ್ತಾನೆಂಬ ಎಣಿಕೆಯನ್ನು. ಬಂಧಿತನಾಗುವ ಮುನ್ನ ಗೆತ್ಸೇಮನೆ ತೋಟದಲ್ಲಿ ಆತನೇ ಮೂರನೆಯ ಸಾರಿ ಹೋಗಿ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದನೆಂದು ಮತ್ತಾಯನು ಬರೆದಿದ್ದಾನೆ (26:44). ನನ್ನ ತಾಯಿ ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ಸ್ವಂತ ಮಾತು ಹುಡುಕುವುದನ್ನು ಬಿಟ್ಟು, ಅವರ ಕೈ ಹಿಡಿದು ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳುತ್ತಿದ್ದೆ. ಕೆಲವು ರಾತ್ರಿ ಅದರ ‘ಅನುದಿನದ ಆಹಾರ’ದ ಸಾಲಿನ ಹತ್ತಿರವೇ ನಿಂತುಬಿಡುತ್ತಿದ್ದೆ, ಮರುದಿನಕ್ಕೆ ಬೇಕಾದ ಬಲಕ್ಕಿಂತ ಹೆಚ್ಚಿನದನ್ನು ಕೇಳುವ ಶಕ್ತಿ ನನಗಿರಲಿಲ್ಲ.

ಉತ್ತರ 3:
ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ನೀವು ಒಬ್ಬರೇ ಹೊರುತ್ತಿರುವಂತೆ ಕಾಣುತ್ತದೆ. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಮಾಳಿಗೆ ಬಿಚ್ಚಿ ಇಳಿಸಿದಾಗ, ಯೇಸು ‘ಅವರ ನಂಬಿಕೆಯನ್ನು’ ನೋಡಿದನೆಂದು ಮಾರ್ಕನು (2:5) ಹೇಳುತ್ತಾನೆ. ಆ ರೋಗಿ ಏನಾದರೂ ಬೇಡಿಕೊಂಡನೆಂಬ ಮಾತೇ ಅಲ್ಲಿಲ್ಲ. ನಿಮ್ಮ ಸಭೆಯಲ್ಲಿ ನಂಬಿಕಸ್ಥರಾದ ಇಬ್ಬರನ್ನು ವಾರಕ್ಕೊಮ್ಮೆ ಮನೆಗೆ ಕರೆಯಿರಿ, ಅವರು ತಂದೆಯವರಿಗಾಗಿಯೂ ನಿಮಗಾಗಿಯೂ ಪ್ರಾರ್ಥಿಸಲಿ, ನೀವು ಸುಮ್ಮನೆ ಕುಳಿತು ‘ಆಮೆನ್’ ಎಂದರೆ ಸಾಕು. ನಾನೂ ಇಂದಿನಿಂದ ನಿಮ್ಮ ತಂದೆಯವರನ್ನು ಕರ್ತನ ಮುಂದೆ ನೆನೆಯುತ್ತೇನೆ.

ಪ್ರಶ್ನೆ ಕೇಳಿದವರು:
ನಿನ್ನೆ ರಾತ್ರಿ ತಂದೆಯ ಪಕ್ಕದಲ್ಲಿ ಕುಳಿತು 88ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿದೆ. ಮಾತು ತೊದಲುವ ಅವರು ಕೊನೆಯಲ್ಲಿ ‘ಆಮೆನ್’ ಎಂದರು. ಭಾನುವಾರ ಆರಾಧನೆ ಮುಗಿದ ಮೇಲೆ ಇಬ್ಬರನ್ನು ಮನೆಗೆ ಕರೆಯುತ್ತೇನೆ.