ಎಳೆಯುವ ಚಂದ್ರ ತಳ್ಳುವುದು ಹೇಗೆ?

ಪ್ರಶ್ನೆ: ಮೇಡಂ, ಶನಿಯ ಉಂಗುರದಲ್ಲಿ ಎಂಕಿ ಅನ್ನುವ 325 ಕಿ.ಮೀ. ಅಗಲದ ಸೀಳಿದೆ, ಅದರ ನಡುವೆ ಪ್ಯಾನ್ ಎಂಬ ಪುಟ್ಟ ಚಂದ್ರ ಸುತ್ತುತ್ತದೆ ಎಂದು ಓದಿದೆ. ಗುರುತ್ವ ಅಂದರೆ ಸೆಳೆತ ಅಲ್ವಾ? ಹಾಗಿದ್ದರೆ ಸೀಳಿನ ಅಂಚಿನಲ್ಲಿರುವ ಉಂಗುರದ ಚೂರುಗಳು ಪ್ಯಾನ್ ಕಡೆಗೆ ಬರಬೇಕು. ದೂರ ಸರಿದಿದ್ದು ಹೇಗೆ? ಎಲ್ಲವನ್ನೂ ನುಂಗಿಬಿಟ್ಟಿತಾ?

ಉತ್ತರ: ಸ್ವಲ್ಪ ನುಂಗಿದೆ, ಸುಳ್ಳಲ್ಲ. 2017ರಲ್ಲಿ ಕ್ಯಾಸಿನಿ ನೌಕೆ ತೆಗೆದ ಚಿತ್ರ ನೋಡಿ. ಪ್ಯಾನ್‌ನ ಸೊಂಟದ ಸುತ್ತ ಉಂಗುರದ ಪುಡಿ ಮೆತ್ತಿಕೊಂಡು ಹಾರುವ ತಟ್ಟೆಯ ಹಾಗೆ ಕಾಣುತ್ತದೆ. ಆದರೆ ಅದು ಬರೀ 28 ಕಿ.ಮೀ.ನ ಚಂದ್ರ. ಅಷ್ಟು ದೂರದ ಚೂರುಗಳನ್ನು ನುಂಗಲು ಅದಕ್ಕಾಗುವುದಿಲ್ಲ.

ಅಸಲಿ ಆಟ ವೇಗದ್ದು. ಶನಿಗೆ ಹತ್ತಿರ ಇದ್ದಷ್ಟೂ ಓಟ ಜೋರು. ಒಳಗಡೆಯ ಮಂಜುಗಡ್ಡೆಯ ಚೂರೊಂದು ಹಿಂದಿನಿಂದ ಬಂದು ಪ್ಯಾನ್ ಅನ್ನು ದಾಟುತ್ತದೆ ಅಂದುಕೊಳ್ಳಿ. ಬರುವಾಗ ಪ್ಯಾನ್ ಅದನ್ನು ಮುಂದಕ್ಕೆ ಎಳೆಯುತ್ತದೆ, ದಾಟಿದ ಮೇಲೆ ಹಿಂದಕ್ಕೆ. ಎರಡೂ ಸಮ ಆಗಬೇಕಿತ್ತು. ಆಗುವುದಿಲ್ಲ. ಯಾಕೆಂದರೆ ಎಳೆತಕ್ಕೆ ಚೂರಿನ ದಾರಿ ಬಾಗಿ, ದಾಟಿದ ಮೇಲೆ ಅದು ಪ್ಯಾನ್‌ಗೆ ಕೊಂಚ ಹತ್ತಿರವೇ ಇರುತ್ತದೆ. ಹಾಗಾಗಿ ಹಿಂದಕ್ಕೆ ಎಳೆಯುವ ಬಲ ಜಾಸ್ತಿ. ಸುತ್ತುವ ಕಸುವು ಕಳೆದುಕೊಂಡ ಚೂರು ಶನಿಯ ಕಡೆಗೆ ಇಳಿಯುತ್ತದೆ. ಹೊರಗಡೆಯ ಚೂರುಗಳದ್ದು ಇದರ ತಿರುವುಮುರುವು. ನಿಧಾನವಾಗಿ ಹೋಗುವ ಅವುಗಳನ್ನು ಪ್ಯಾನ್ ಹಿಂದೆ ಹಾಕುತ್ತದೆ, ಹಾಕಿದ ಮೇಲೆ ಮುಂದಕ್ಕೆ ಎಳೆಯುತ್ತದೆ, ಅವು ಇನ್ನೂ ಹೊರಗೆ ಹೋಗುತ್ತವೆ. ಮಾಡಿದ್ದು ಸೆಳೆತವೇ, ಫಲ ಮಾತ್ರ ತಳ್ಳಾಟ! ನನಗೂ ಇದು ಮೊದಲ ಸಲ ಪಾಠದಲ್ಲಿ ಬಂದಾಗ ಚಿತ್ರ ಬರೆದು ನೋಡುವ ತನಕ ನಂಬಿಕೆ ಬಂದಿರಲಿಲ್ಲ.

ಪ್ರಶ್ನೆ: ಹಾಗಾದರೆ ಸೀಳು ಅಗಲ ಆಗುತ್ತಲೇ ಹೋಗಬೇಕಲ್ಲ?

ಉತ್ತರ: ದೂರ ಹೋದಂತೆ ಈ ತಳ್ಳಾಟ ಬಹಳ ಬೇಗ ಸೋಲುತ್ತದೆ. ಇತ್ತ ಚೂರುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ ಖಾಲಿ ಜಾಗಕ್ಕೆ ಹರಡಲು ನೋಡುತ್ತವೆ. ಎರಡೂ ಸರಿದೂಗಿದ ಕಡೆ ಅಂಚು ನಿಲ್ಲುತ್ತದೆ. 2005ರಲ್ಲಿ ಸಿಕ್ಕ ಡಾಫ್ನಿಸ್ ಎಂಬ ಇನ್ನೊಂದು ಚಂದ್ರ ಸುಮಾರು 8 ಕಿ.ಮೀ. ಇದೆ, ಅದು ಸುತ್ತುವ ಕೀಲರ್ ಎಂಬ ಸೀಳು ಸುಮಾರು 40 ಕಿ.ಮೀ. ಅಷ್ಟೆ. ಇನ್ನೂ ಚಿಕ್ಕ ಚಂದ್ರತುಣುಕುಗಳಿಗೆ ಪೂರ್ತಿ ಸುತ್ತನ್ನು ಗುಡಿಸಿ ಖಾಲಿ ಮಾಡಲು ಆಗದು. ತಮ್ಮ ಹಿಂದೆ ಮುಂದೆ ಫ್ಯಾನಿನ ರೆಕ್ಕೆಯಂತೆ ಒಂದೊಂದು ಗೆರೆ ಎಳೆದು ಸುಮ್ನಾಗುತ್ತವೆ.

ಅಂದಹಾಗೆ, ಪ್ಯಾನ್ ಸಿಕ್ಕಿದ್ದೇ ಅಂಚಿನ ಅಲೆಗಳಿಂದ. ವಾಯೇಜರ್ ನೌಕೆಯ ಚಿತ್ರಗಳಲ್ಲಿ ಸೀಳಿನ ಅಂಚು ಅಲೆಅಲೆಯಾಗಿತ್ತು. ಒಳಗೆ ಚಂದ್ರ ಇರಬೇಕು ಎಂದು 1985ರಲ್ಲೇ ಲೆಕ್ಕ ಹಾಕಿದ್ದರು. ಖಗೋಳ ವಿಜ್ಞಾನಿ ಮಾರ್ಕ್ ಶೋವಾಲ್ಟರ್ ಅವರು 1990ರಲ್ಲಿ ಅವೇ ಹಳೆಯ ಚಿತ್ರಗಳನ್ನು ಜಾಲಾಡಿ ಅದನ್ನು ಹುಡುಕಿದರು.

ಇನ್ನೊಬ್ಬರ ಪ್ರಶ್ನೆ: ಶನಿಯ ಎಫ್ ಎಂಬ ಉಂಗುರವನ್ನು ಚದುರದಂತೆ ಎರಡು ಚಂದ್ರಗಳು ಕುರಿ ಕಾಯುವವರ ಹಾಗೆ ಕಾಯುತ್ತವಂತೆ, ನಿಜವಾ?

ಉತ್ತರ: ಪ್ರೊಮಿಥಿಯಸ್, ಪಂಡೋರಾ. ಹಾಗಂತ ಪಾಠಗಳಲ್ಲಿ ಇರುತ್ತದೆ, ನನಗೆ ಆ ಮಾತು ಅಷ್ಟು ಒಪ್ಪಿಗೆಯಿಲ್ಲ. ಪ್ರೊಮಿಥಿಯಸ್ ಸುಮಾರು 15 ಗಂಟೆಗೊಮ್ಮೆ ಉಂಗುರದ ಹತ್ತಿರ ನುಗ್ಗಿ, ಪುಡಿಯನ್ನು ಎಳೆದು, ಕಪ್ಪು ಗೀರು ಬಿಟ್ಟು ಹೋಗುತ್ತದೆ. ಕುರಿ ಕಾಯುವವರು ಬೇಕಿದ್ದರೆ ಯುರೇನಸ್ ನೋಡಿ. ಅಲ್ಲಿನ ಎಪ್ಸಿಲಾನ್ ಉಂಗುರದ ಒಳಗಡೆ ಕಾರ್ಡೀಲಿಯಾ, ಹೊರಗಡೆ ಒಫೀಲಿಯಾ.