ಬ್ರೇಕ್ ಪೈಪಿಗೆ ತೇಪೆ ಬೇಡ

ತಮ್ಮಾ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೆ ಮಾತಲ್ಲೇ ಹೇಳುತ್ತೇನೆ. ಉದ್ದ ಆಗುತ್ತದೆ, ಪೂರ್ತಿ ಕೇಳು. ಪಿಕಪ್‌ನ ಹಿಂದಿನ ಚಕ್ರದ ಹತ್ತಿರ ಚಾಸಿ ಒದ್ದೆಯಾಗಿದೆ, ಬ್ರೇಕ್ ಆಯಿಲ್ ಇಳಿಯುತ್ತಿದೆ, ಪೆಡಲ್ ಮೆತ್ತಗಾಗಿದೆ, ಆದರೂ ಗಾಡಿ ನಿಲ್ಲುತ್ತಿದೆ, ನಾಳೆಯ ಲೋಡ್ ಮುಗಿಸಿ ಆಮೇಲೆ ನೋಡಿದರೆ ಆಗಲ್ವಾ ಅಂತ ಕೇಳಿದ್ದೀಯ. ಆಗಲ್ಲ. ಗಾಡಿ ಈಗ ಎಲ್ಲಿದೆಯೋ ಅಲ್ಲೇ ಇರಲಿ.

ಇನ್ನೂ ನಿಲ್ಲುತ್ತಿದೆ ಅಂದೆಯಲ್ಲ, ಅದಕ್ಕೆ ಕಾರಣ ಕೇಳು. ಪೆಡಲ್ ತುಳಿದಾಗ ಆಯಿಲನ್ನು ಪೈಪಿಗೆ ಒತ್ತುವ ಮಾಸ್ಟರ್ ಸಿಲಿಂಡರ್ ಒಳಗೆ ಎರಡು ಭಾಗ ಇರುತ್ತದೆ. ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಒಂದು ಮುಂದಿನ ಚಕ್ರಗಳಿಗೆ, ಇನ್ನೊಂದು ಹಿಂದಿನವಕ್ಕೆ. ಹಿಂದಿನದು ಸೋರಿದರೂ ಮುಂದಿನದು ಹಿಡಿಯುತ್ತದೆ. ಆದರೆ ಲೋಡ್ ಹಾಕಿದಾಗ ಭಾರವೆಲ್ಲ ಹಿಂದೆ ಕೂರುತ್ತದೆ, ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಒಂದನ್ನೇ ನಂಬಿ ಹೋಗುವುದು ಬೇಡ.

ಮೊದಲು ಸೋರುವುದು ಎಲ್ಲಿಂದ ಅಂತ ಪತ್ತೆ ಮಾಡು. ಒಣ ಬಟ್ಟೆಯಲ್ಲಿ ಎಲ್ಲ ಒರೆಸು. ಒಬ್ಬರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಪೆಡಲ್ ನಿಧಾನ ತುಳಿಸು, ನೀನು ಟಾರ್ಚ್ ಹಿಡಿದು ನೋಡು. ಕೆಳಗೆ ಹೋಗುವ ಮುಂಚೆ ಗಾಡಿಗೆ ಸ್ಟ್ಯಾಂಡ್ ಕೊಡು, ಬರೀ ಜಾಕಿ ನಂಬಬೇಡ. ನನ್ನ ಅಂದಾಜು, ಪೈಪನ್ನು ಚಾಸಿಗೆ ಹಿಡಿದಿರುವ ಕ್ಲಿಪ್ಪಿನ ಹಿಂದೆಯೇ ಇರುತ್ತದೆ. ಅಲ್ಲಿ ಕೆಸರು ಕೂತು ಒದ್ದೆ ಆರುವುದೇ ಇಲ್ಲ, ಕಬ್ಬಿಣದ ಪೈಪ್ ಹೊರಗಿನಿಂದ ತುಕ್ಕು ತಿನ್ನುತ್ತಾ ಬರುತ್ತದೆ. ಕ್ಲಿಪ್ ತೆಗೆದು ಉಗುರಿನಿಂದ ಕೆರೆದು ನೋಡು. ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಎದ್ದು ಬಂದರೆ ಆ ಪೈಪ್ ಮುಗಿಯಿತು ಅಂತಲೇ. ಆಕ್ಸಲ್‌ಗೆ ಹೋಗುವ ರಬ್ಬರ್ ಹೋಸನ್ನೂ ಬಗ್ಗಿಸಿ ನೋಡು. ಬಿರುಕು ಬಿಟ್ಟಿದ್ದರೆ ಅಥವಾ ಊದಿದ್ದರೆ ಅದನ್ನೂ ಬದಲಾಯಿಸು.

ಭಾವ, ನೀವು ಗ್ರೂಪಿನಲ್ಲಿ ಹೇಳಿದ್ದೂ ಕೇಳಿದೆ. ಕೆಟ್ಟ ಜಾಗ ಕತ್ತರಿಸಿ ಮಧ್ಯೆ ಹಿತ್ತಾಳೆ ಕಪ್ಲಿಂಗ್ ಬಿಗಿದರೆ ಸಾಕು ಅಂದಿರಿ. ಬೇಜಾರು ಮಾಡ್ಕೋಬೇಡಿ, ಅದನ್ನು ಒಪ್ಪಲು ಆಗುವುದಿಲ್ಲ. ಒಳಗೆ ರಿಂಗ್ ಇಟ್ಟು ಬಿಗಿಯುವ ಆ ಕಪ್ಲಿಂಗ್ ನೀರಿನ ಪೈಪಿಗೆ ಸರಿ. ಗಾಬರಿಯಲ್ಲಿ ಬ್ರೇಕ್ ತುಳಿದಾಗ ಈ ಪೈಪಿನೊಳಗಿನ ಒತ್ತಡ 1000 ಪಿಎಸ್‌ಐ, ಅಂದರೆ ಚದರ ಇಂಚಿಗೆ 1000 ಪೌಂಡ್ ದಾಟಬಹುದು. ರಿಂಗ್ ಜಾರಿ ಪೈಪ್ ಕಿತ್ತು ಬರುವುದು ಆಗಲೇ. ಅಂಟು ಮೆತ್ತುವುದು, ಟೇಪ್ ಸುತ್ತುವುದು, ಹೋಸ್ ಸಿಕ್ಕಿಸಿ ಕ್ಲಾಂಪ್ ಹಾಕುವುದು, ಒಂದೂ ಬೇಡ. ಒಂದು ಕಡೆ ತೂತಾದ ಪೈಪಿನ ಉಳಿದ ಭಾಗಕ್ಕೂ ಅಷ್ಟೇ ವಯಸ್ಸಾಗಿದೆ ಅಲ್ವಾ? ಈ ಜಾಯಿಂಟ್‌ನಿಂದ ಆ ಜಾಯಿಂಟ್‌ವರೆಗೆ ಪೂರ್ತಿ ಹೊಸದು ಹಾಕೋಣ.

ಹಳೇ ನಟ್ ಬಿಚ್ಚುವಾಗ ಮಾತ್ರ ಅವಸರ ಬೇಡ. ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಯಲು ಬಿಡು. ಸಾದಾ ಸ್ಪ್ಯಾನರ್ ಹಾಕಿದರೆ ನಟ್‌ನ ಮೂಲೆ ಸವೆದು ದುಂಡಗಾಗುತ್ತದೆ. ಬ್ರೇಕ್ ಪೈಪಿಗೆ ಅಂತಲೇ ಫ್ಲೇರ್ ನಟ್ ಸ್ಪ್ಯಾನರ್ ಬರುತ್ತದೆ, ಪೈಪ್ ತೂರುವಷ್ಟು ಮಾತ್ರ ಬಾಯಿ ಬಿಟ್ಟು ಉಳಿದ ಕಡೆಯೆಲ್ಲ ನಟ್ಟನ್ನು ಅಪ್ಪಿ ಹಿಡಿಯುತ್ತದೆ. ನಟ್ ಜೊತೆ ಪೈಪೂ ತಿರುಚಿಕೊಂಡರೆ ಚಿಂತೆ ಬೇಡ, ಹೇಗೂ ಬಿಸಾಡುವ ಪೈಪ್. ಕತ್ತರಿಸಿ ಹಾಕಿ, ನಟ್ ಮೇಲೆ ಸಾಕೆಟ್ ಕೂರಿಸಿ ಬಿಚ್ಚು.

ಹೊಸ ಪೈಪಿಗೆ ತಾಮ್ರ-ನಿಕ್ಕಲ್ ಮಿಶ್ರದ್ದು ಸಿಕ್ಕರೆ ಅದನ್ನೇ ತಗೋ. ಕೈಯಲ್ಲೇ ಬಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಬರೀ ತಾಮ್ರದ್ದು ಬೇಡವೇ ಬೇಡ, ಅದು ಅದುರಿ ಅದುರಿ ಬಿರುಕು ಬಿಡುತ್ತದೆ. ಅಳತೆ ಹಳೆಯದರಷ್ಟೇ ಇರಬೇಕು, ಜಾಸ್ತಿ ಗಾಡಿಗಳಲ್ಲಿ 4.75 ಮಿಲಿಮೀಟರ್. ಹಳೇ ಪೈಪಿನ ತುದಿಯನ್ನೂ ಜೋಪಾನವಾಗಿಟ್ಟು ನೋಡು. ಬಾಯಿ ಅಗಲಿಸಿ ಮಾಡಿದ ಆ ತುದಿಗೇ ಫ್ಲೇರ್ ಅನ್ನುವುದು. ಕೊಳವೆಯ ಬಾಯಿ ಒಳಕ್ಕೆ ಮಡಚಿ ಎರಡು ಪದರ ಮಾಡಿದ್ದರೆ ಅದು ಡಬಲ್ ಫ್ಲೇರ್. ಗುಂಡಗೆ ಉಬ್ಬಿದ್ದರೆ ಬಬಲ್ ಫ್ಲೇರ್. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಫ್ಲೇರ್ ಮಾಡುವ ಮುಂಚೆ ನಟ್ಟನ್ನು ಪೈಪಿಗೆ ತೂರಿಸಿದ್ದೀಯಾ ನೋಡಿಕೋ, ಆಮೇಲೆ ತೂರುವುದಿಲ್ಲ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಡ. ಸೋರದಂತೆ ಹಿಡಿಯುವುದು ಫ್ಲೇರ್, ಥ್ರೆಡ್ ಅಲ್ಲ. ಇಷ್ಟು ಮಾಡುವ ಸಾಮಾನು, ಧೈರ್ಯ ಎರಡರಲ್ಲಿ ಒಂದು ಇಲ್ಲದಿದ್ದರೂ ಮೆಕ್ಯಾನಿಕ್ಕನ್ನೇ ಗಾಡಿ ಇರುವಲ್ಲಿಗೆ ಕರೆಸು.

ಆಯಿಲ್ ಯಾವುದು ಅಂತ ಗಾಡಿಯಲ್ಲಿ ಬ್ರೇಕ್ ಆಯಿಲ್ ತುಂಬುವ ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ, ಡಾಟ್ 3 ಅಥವಾ ಡಾಟ್ 4. ಸೀಲ್ ಒಡೆಯದ ಹೊಸ ಬಾಟಲಿಯೇ ಬೇಕು. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ತೇವ ಹಿಡಿದದ್ದು 140ಕ್ಕೇ ಕುದಿಯಬಹುದು. ಎಂಜಿನ್ ಆಯಿಲ್ ಹನಿಯೂ ಸೇರಬಾರದು, ರಬ್ಬರ್ ಸೀಲೆಲ್ಲ ಊದಿ ಹಾಳಾಗುತ್ತದೆ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹುಯ್ಯಿ.

ಆಮೇಲೆ ಏರ್, ಅಂದರೆ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವುದು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ಗೆ ದೂರದ ಚಕ್ರದಿಂದ ಶುರು. ಚಕ್ರದ ಬ್ರೇಕಿನಲ್ಲಿ ಗಾಳಿ ಬಿಡಲು ಇರುವ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸು. ಒಳಗೆ ಕೂತವರು ಪೆಡಲ್ ತುಳಿದು ಹಿಡಿಯಲಿ, ನೀನು ನಿಪ್ಪಲ್ ಬಿಚ್ಚು, ಗುಳ್ಳೆ ಹೊರಗೆ ಬರುತ್ತದೆ, ನಿಪ್ಪಲ್ ಮುಚ್ಚು, ಆಮೇಲಷ್ಟೇ ಅವರು ಕಾಲು ಬಿಡಬೇಕು. ಈ ಕ್ರಮ ತಪ್ಪಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಡು, ನೆಲಕ್ಕೆ ಮುಟ್ಟುವಷ್ಟು ತುಳಿದರೆ ಹಳೇ ಮಾಸ್ಟರ್ ಸಿಲಿಂಡರ್‌ನ ಸೀಲ್ ಹರಿಯಬಹುದು. ನಡುನಡುವೆ ಡಬ್ಬಿಗೆ ಆಯಿಲ್ ಹಾಕುತ್ತಲೇ ಇರು, ಅದು ಬರಿದಾದರೆ ಮತ್ತೆ ಮೊದಲಿಂದ. ಹಿಂದಿನ ಆಕ್ಸಲ್ ಹತ್ತಿರ ಲೋಡ್ ವಾಲ್ವ್, ಅಂದರೆ ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕಿಗೆ ಆಯಿಲ್ ಬಿಡುವ ವಾಲ್ವ್ ಇದ್ದರೆ ಚಕ್ರ ನೇತಾಡುವಂತೆ ಎತ್ತಬೇಡ, ಆಕ್ಸಲ್ ಮೇಲೆ ಭಾರ ಇರಲಿ, ಇಲ್ಲದಿದ್ದರೆ ಆ ವಾಲ್ವ್ ಹಿಂದಕ್ಕೆ ಆಯಿಲ್ ಸರಿಯಾಗಿ ಬಿಡುವುದಿಲ್ಲ. ಎಬಿಎಸ್, ಅಂದರೆ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಯೂನಿಟ್ ಒಳಗೆ ಗಾಳಿ ಹೋಗಿದ್ದರೆ ಮೆಕ್ಯಾನಿಕ್‌ನ ಸ್ಕ್ಯಾನರ್ ಬೇಕಾಗಬಹುದು.

ಎಲ್ಲ ಮುಗಿದ ಮೇಲೆ ಎಂಜಿನ್ ಆನ್ ಮಾಡಿ, ಪೆಡಲನ್ನು ಗಟ್ಟಿಯಾಗಿ ತುಳಿದು ಒಂದು ನಿಮಿಷ ಹಿಡಿ. ಕಾಲಡಿ ನಿಧಾನವಾಗಿ ಇಳಿಯುತ್ತಿದ್ದರೆ ಇನ್ನೂ ಎಲ್ಲೋ ಕೆಲಸ ಉಳಿದಿದೆ. ಪ್ರತಿ ಜಾಯಿಂಟ್‌ಗೂ ಟಿಶ್ಯೂ ಒತ್ತಿ ನೋಡು, ಒಂದು ಚುಕ್ಕೆ ಒದ್ದೆಯೂ ಕಾಣಬಾರದು. ಆಮೇಲೆ ಖಾಲಿ ಗಾಡಿಯಲ್ಲಿ, ಸಮತಟ್ಟು ಜಾಗದಲ್ಲಿ ನಿಧಾನ ಓಡಿಸಿ ನೋಡು. ಮಾರನೇ ದಿನ ಮತ್ತೆ ಕೆಳಗೆ ಹೋಗಿ ನೋಡು, ಆಮೇಲೆ ಲೋಡ್.

ನಾಳೆಯ ಸಾಮಾನಿಗೆ ಬೇರೆ ಗಾಡಿ ಗೊತ್ತು ಮಾಡೋಣ, ಗ್ರೂಪಿನಲ್ಲಿ ಯಾರದ್ದಾದರೂ ಖಾಲಿ ಇದ್ದರೆ ಈಗಲೇ ಹೇಳಿ. ತಮ್ಮಾ, ಆ ಕ್ಲಿಪ್ ತೆಗೆದು ಪೈಪಿನ ಫೋಟೋ ಹಾಕು, ಎರಡೂ ತುದಿಯ ಜಾಯಿಂಟ್ ಕಾಣಬೇಕು.