ಫ್ಯಾಂಟಸಿ ಗೇಮಿನಲ್ಲಿ ಮುರಕಲ್ಲು ನಿಜದ ಹಾಗೇ ಕಾಣಬೇಕಾ?

ಪಾಗಾರ, ಮಂಗಳೂರು

ನಾವು ಮೂವರು ಸೇರಿ ಒಂದು ಸಣ್ಣ ಅಡ್ವೆಂಚರ್ ಗೇಮ್ ಮಾಡುತ್ತಾ ಇದ್ದೇವೆ. ಹೆಚ್ಚುಕಡಿಮೆ ನಮ್ಮೂರಿನ ಹಾಗೇ ಇರುವ ಒಂದು ಊರು. ಮಳೆ ನಿಲ್ಲುವುದೇ ಇಲ್ಲ. ಯಾಕೆ ನಿಲ್ಲುತ್ತಿಲ್ಲ ಅಂತ ಹುಡುಕಿಕೊಂಡು ಒಬ್ಬಳು ಹುಡುಗಿ ಹೊರಡುತ್ತಾಳೆ.

ಜಗಳ ಶುರುವಾದದ್ದು ಒಂದು ಗೋಡೆಯಿಂದ. ನಮ್ಮ ಓಣಿಯ ಹಳೇ ಮುರಕಲ್ಲಿನ ಪಾಗಾರವನ್ನು ಮೊಬೈಲಿನಲ್ಲಿ ಉದ್ದಕ್ಕೂ ಫೋಟೊ ಹೊಡೆದು, ಫೋಟೊಗಳಿಂದ 3ಡಿ ಆಕಾರ ಕಟ್ಟುವ ಸಾಫ್ಟ್‌ವೇರ್ ಮೆಶ್‌ರೂಮ್‌ಗೆ ಹಾಕಿದೆವು. ಮೋಡ ಇದ್ದದ್ದರಿಂದ ನೆರಳಿನ ಕಾಟ ಇರಲಿಲ್ಲ. ಆದರೆ ಕಲ್ಲು ಒದ್ದೆಯಾಗಿ ಹೊಳೆದರೆ ಸಾಫ್ಟ್‌ವೇರ್ ಗಲಿಬಿಲಿಯಾಗುತ್ತದೆ, ಹಾಗಾಗಿ ಎರಡು ಮಳೆಯ ಮಧ್ಯೆ ಒಣಗುವುದನ್ನೇ ಕಾದು ಹೊಡೆದದ್ದು. ಬಂದದ್ದು ಮಾತ್ರ ಸೂಪರ್. ಕಲ್ಲಿನ ತೂತು, ತೂತಿನೊಳಗಿನ ಹಳದಿ ಮಣ್ಣು, ಮೇಲೆ ಕಪ್ಪಾದ ಹಾವಸೆ, ಸಂದಿಯಲ್ಲಿ ಹುಟ್ಟಿದ ಜರಿಗಿಡ, ಎಲ್ಲ ಉಂಟು.

ತಮ್ಮನಿಗೆ ಆಡಲು ಕೊಟ್ಟೆ. ಪಾಗಾರದ ಒಂದು ಕಡೆ ಕಲ್ಲು ಕುಸಿದು ದಾರಿ ಆಗಿದೆ, ಅಲ್ಲಿಂದಲೇ ಒಳಗೆ ಹೋಗಬೇಕು. ಅದರ ಎದುರಿಗೇ ನಿಂತು "ದಾರಿ ಎಲ್ಲಿ ಮಾರಾಯ?" ಅಂತ ಕೇಳುತ್ತಾನೆ. ಕೆಂಪು ಲಂಗದ ಹುಡುಗಿಯೂ ಆ ಕೆಂಪು ಕಲ್ಲಿನ ಎದುರು ಮಾಯ.

ಚಿತ್ರ ಬಿಡಿಸುವ ಗೆಳತಿ ಹೇಳುವುದು, ಸ್ಕ್ಯಾನ್ ಎಲ್ಲ ಬಿಸಾಡಿ ಕೈಯಲ್ಲೇ ಬಣ್ಣ ಹಾಕುವ ಅಂತ. ಕೋಡ್ ಬರೆಯುವವನು ಹೇಳುವುದು, ರಿಯಲಿಸ್ಟಿಕ್ ಇಲ್ಲದಿದ್ದರೆ ಜನ ಮಕ್ಕಳಾಟ ಅಂತ ಮುಟ್ಟುವುದಿಲ್ಲ ಅಂತ. ಎಂತ ಮಾಡುವುದು?

ಬಸದಿಕಂಬ

ಸ್ಕ್ಯಾನ್ ಬಿಸಾಡಬೇಡಿ! 2024ರ ಬ್ಲ್ಯಾಕ್ ಮಿತ್: ವುಕಾಂಗ್ ಆಡಿದ್ದೀರಲ್ಲ? ಚೀನಾದ ಶಾನ್‌ಶಿ ಪ್ರಾಂತ್ಯದ ಹಳೇ ದೇವಸ್ಥಾನಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಕೋತಿ ಮೋಡದ ಮೇಲೆ ಹಾರಿದರೂ ನಂಬಿಕೆ ಬರುವುದು ಆ ಮರದ ತೊಲೆ, ಆ ಮೂರ್ತಿಗಳಿಂದ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ ಅನ್ನುತ್ತಾರೆ. ಸ್ಟೈಲೈಸ್ಡ್, ಅಂದರೆ ನಿಜದ ಹಾಗಲ್ಲದೆ ಚಿತ್ರದ ಹಾಗೆ ಮಾಡುವ ಅಂತ ಹೊರಟವನು ಒಂದು ಕಂಬ ಮಾಡಿ ಉಳಿದದ್ದನ್ನು ಕಾಪಿ ಹೊಡೆಯುತ್ತಾನೆ. ಕೆತ್ತಿದವನ ಕೈ ಉಳಿಯುವುದು ಸ್ಕ್ಯಾನಿನಲ್ಲಿ ಮಾತ್ರ.

ಬಡಗುಬೆಟ್ಟಿನವ, ಉಡುಪಿ

ನನ್ನ ಹೊಟ್ಟೆಪಾಡೇ ಟೆಕ್ಸ್ಚರ್ ಕೆಲಸ, ಅಂದರೆ 3ಡಿ ಆಕಾರಗಳ ಮೈಗೆ ಬಣ್ಣ ಹಾಕುವುದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ನಿಮ್ಮ ತಮ್ಮನ ಕಣ್ಣು ಸರಿಯಾಗಿಯೇ ಉಂಟು. ನಿಜವಾದ ಗೋಡೆಯಲ್ಲಿ ಯಾವ ಕಲ್ಲಿಗೂ ನಿಮ್ಮನ್ನು ಕರೆಯುವ ಅಗತ್ಯ ಇಲ್ಲ. ಗೇಮಿನ ಗೋಡೆ ಕರೆಯಬೇಕು. ಈ ಕಷ್ಟ ದೊಡ್ಡ ಕಂಪನಿಗಳಿಗೂ ತಪ್ಪಿಲ್ಲ. 2023ರ ರೆಸಿಡೆಂಟ್ ಈವಿಲ್ 4 ರೀಮೇಕಿನಲ್ಲಿ ಒಡೆಯಬಹುದಾದ ಪೀಪಾಯಿಗಳಿಗೆ ಹಳದಿ ಬಣ್ಣ ಬಳಿದಿದ್ದರು. ಮರುವರ್ಷ ಫೈನಲ್ ಫ್ಯಾಂಟಸಿ 7 ರೀಬರ್ತ್‌ನಲ್ಲಿ ಹತ್ತುವ ಬಂಡೆಗೂ ಅದೇ ಹಳದಿ, ಜನ ನಕ್ಕದ್ದೇ ನಕ್ಕದ್ದು. ಅಷ್ಟು ದುಡ್ಡು ಸುರಿದು ಬಂಡೆಯನ್ನು ಬಂಡೆಯ ಹಾಗೇ ಮಾಡಿ, ಕೊನೆಗೆ ಪೇಂಟ್ ಡಬ್ಬಿ! ಬಸದಿಕಂಬದವರು ಹೇಳಿದ ವುಕಾಂಗ್‌ನಲ್ಲಿ ಇನ್ನೂ ಕಷ್ಟ. ಹೋಗಬಹುದು ಅಂತ ಕಾಣುವ ಜಾಗದಲ್ಲಿ ಕಣ್ಣಿಗೆ ಕಾಣದ ಗೋಡೆ. ಅದು ಬಂದಾಗ ತುಂಬ ಜನ ಬೈದದ್ದು ಅದಕ್ಕೇ.

ಈಗ ಜೆಲ್ಡಾ ಸರಣಿಯ ವಿಂಡ್ ವೇಕರ್ ಗೇಮ್ ನೋಡಿ. 2000ದಲ್ಲಿ ನಿಂಟೆಂಡೊ ಒಂದು ಡೆಮೊ ತೋರಿಸಿತ್ತು, ನಾಯಕ ಲಿಂಕ್ ಮತ್ತು ಖಳ ಗ್ಯಾನನ್‌ಡಾರ್ಫ್ ಕತ್ತಿ ಕಾಳಗ, ಆ ಕಾಲಕ್ಕೆ ಪಕ್ಕಾ ರಿಯಲಿಸ್ಟಿಕ್. ಜನ ಅದನ್ನೇ ಕಾಯುತ್ತಿದ್ದರು. ಮರುವರ್ಷ ನೋಡಿದರೆ ಕಾರ್ಟೂನಿನ ಗುಂಡು ಮುಖದ ಹುಡುಗ! ನಿಮ್ಮ ಕೋಡ್ ಬರೆಯುವವರ ಮಾತನ್ನೇ ಅವತ್ತು ಎಲ್ಲರೂ ಆಡಿದ್ದು, ಮಕ್ಕಳಾಟ ಅಂತ. ಆದರೆ ಆ ಹುಡುಗನ ದೊಡ್ಡ ಕಣ್ಣು ಸುಮ್ನೆ ಇಟ್ಟದ್ದಲ್ಲ. ಕೋಣೆಯಲ್ಲಿ ಮುಖ್ಯವಾದದ್ದೇನಾದರೂ ಇದ್ದರೆ ಅವನ ಕಣ್ಣು ತಾನಾಗಿ ಆ ಕಡೆ ಹೊರಳುತ್ತದೆ. ನೀವು ಅವನನ್ನು ನೋಡಿ ಗುಟ್ಟು ಹಿಡಿಯುತ್ತೀರಿ. ನಿಜದ ಅಳತೆಯ ಮುಖದಲ್ಲಿ, ಆ ದೂರದ ಕ್ಯಾಮೆರಾದಲ್ಲಿ, ಕಣ್ಣು ಎಲ್ಲಿ ಕಾಣಬೇಕು? 2006ರಲ್ಲಿ ಬಂದ ಅದೇ ಸರಣಿಯ ಟ್ವೈಲೈಟ್ ಪ್ರಿನ್ಸೆಸ್ ಜನ ಕೇಳಿದ ಹಾಗೇ ಇತ್ತು. ಇವತ್ತು ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಹಳೆಯದಾಗಿ ಕಾಣುವುದು ಅದೇ, ನನ್ನ ಕಣ್ಣಿಗಂತೂ.

ತೋಳದ ಕಥೆಯ ಓಕಾಮಿ ಗೇಮಿನದ್ದೂ ಇದೇ ಜಾತಕ. ಮೊದಲು ನಿಜದ ಹಾಗೇ ಮಾಡಲು ಹೊರಟಿದ್ದರು, ಪ್ಲೇಸ್ಟೇಷನ್ 2 ಆ ಭಾರ ತಾಳಲಿಲ್ಲ. ಕುಂಚದ ಶಾಯಿ ಚಿತ್ರದ ಕಡೆ ಹೊರಳಿದರು. 2006ರ ಆ ತೋಳವನ್ನು ಇವತ್ತೂ ಯಾರೂ ಹಳತು ಅನ್ನುವುದಿಲ್ಲ.

ಯಕ್ಷಗಾನದಲ್ಲಿ ನಾನು ಬಡಗುತಿಟ್ಟಿನ ಕಡೆಯವ, ಆದರೂ ಈ ವಿಷಯಕ್ಕೆ ತೆಂಕುತಿಟ್ಟಿನ ಬಣ್ಣದ ವೇಷವೇ ಬೇಕು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ತುಂಬ ಮುಳ್ಳುಮುಳ್ಳಾಗಿ ಚುಟ್ಟಿ ಇಡುತ್ತಾರೆ. ವೇಷ ಕಟ್ಟುವ ಚೌಕಿಯಲ್ಲಿ ಹತ್ತಿರದಿಂದ ನೋಡಿದರೆ ಮನುಷ್ಯನ ಮುಖದ ಗುರುತೇ ಇಲ್ಲ. ಗದ್ದೆಯ ಆ ಕೊನೆಯಲ್ಲಿ ನೆಲಗಡಲೆ ತಿನ್ನುತ್ತಾ ಕೂತವನಿಗೂ ರಾಕ್ಷಸ ಬಂದ ಅಂತ ಗೊತ್ತಾಗಬೇಕಲ್ಲ. ದೀವಟಿಗೆ ಬೆಳಕಿನಲ್ಲಿ ಆಟ ಆಗುತ್ತಿದ್ದ ಕಾಲದ ಲೆಕ್ಕ ಅದು. ಆಕಾರ ದೊಡ್ಡದು, ಬಣ್ಣ ಕಡಿಮೆ, ಕಪ್ಪು ಬಿಳುಪು ಖಡಕ್.

ನಿಮ್ಮ ಪಾಗಾರಕ್ಕೆ ಬರುವ. ಒಂದು ಸ್ಕ್ರೀನ್‌ಶಾಟ್ ತೆಗೆದು ಬಣ್ಣ ಪೂರ್ತಿ ಇಳಿಸಿ, ಕಪ್ಪು ಬಿಳುಪು ಮಾಡಿ ನೋಡಿ. ಹುಡುಗಿ, ಗೋಡೆ, ದಾರಿ ಮೂರೂ ಒಂದೇ ಬೂದಿ ಬಣ್ಣಕ್ಕೆ ಬಂದರೆ ತಾಪತ್ರಯ ಅಲ್ಲೇ ಇರುವುದು. ಸ್ಕ್ಯಾನ್ ಇಟ್ಟುಕೊಳ್ಳಿ, ಅದರ ಮೇಲೇ ಬಣ್ಣ ಹಾಕಿ. ಉದ್ದದ ಗೋಡೆಯಲ್ಲಿ ತೂತುಗಳನ್ನು ಅಳಿಸಿ, ದೊಡ್ಡ ಚಪ್ಪಟೆ ಬಣ್ಣ ಸಾಕು. ತೂತು, ಹಾವಸೆ, ಜರಿಗಿಡ ಎಲ್ಲ ಕುಸಿದ ಜಾಗದ ಸುತ್ತ ಮಾತ್ರ ಬರಲಿ, ಹಿಂದಿನಿಂದ ಸ್ವಲ್ಪ ಬೆಳಕು ಕೊಡಿ. ಲಂಗ ಬೇಕಾದರೆ ಹಳದಿ ಮಾಡಿ, ಪೀಪಾಯಿಗೆ ಬೇಡ.

ಬಸದಿಕಂಬ

ಕಾಣದ ಗೋಡೆಯ ಮಾತು ಒಪ್ಪಿದೆ. ಅದರಲ್ಲಿ ನಾನೇ ಎಷ್ಟು ಸಲ ಮೂಗು ಜಜ್ಜಿಕೊಂಡಿದ್ದೇನೆ. ಆದರೂ ಕಲ್ಲಿನ ತೂತು ಅಳಿಸು ಅಂದರೆ ನನಗೆ ಆಗುವುದಿಲ್ಲ.

ಪಾಗಾರ, ಮಂಗಳೂರು

ಕಪ್ಪು ಬಿಳುಪು ಮಾಡಿ ನೋಡಿದೆ. ಮೂರೂ ಒಂದೇ ಬೂದಿ. ಗೆಳತಿ ನಗುತ್ತಾ ಇದ್ದಾಳೆ. ಸ್ಕ್ಯಾನಿನ ಮೇಲೆ ಬಣ್ಣ ಹಾಕುವುದಕ್ಕೆ ಇಬ್ಬರೂ ಒಪ್ಪಿದ್ದಾರೆ, ಲಂಗದ ಬಣ್ಣಕ್ಕೆ ಇನ್ನೂ ಇಲ್ಲ. ಇನ್ನೊಂದು ಡೌಟು. ಮಳೆಯನ್ನಾದರೂ ರಿಯಲಿಸ್ಟಿಕ್ ಮಾಡಬೇಕಲ್ವಾ? ಗೇಮ್ ಇರುವುದೇ ಮಳೆಯ ಮೇಲೆ.

ಜಾರುಬಂಡೆ

ಮಳೆ ಹೊಳೆಯುವುದಕ್ಕಿಂತ ಜಾರಬೇಕು. 2017ರ ಬ್ರೆತ್ ಆಫ್ ದಿ ವೈಲ್ಡ್ ನೋಡಿ, ಬಣ್ಣ ನೀರು ಬಣ್ಣದ ಚಿತ್ರದ ಹಾಗೆ ತೆಳು. ಮಳೆ ಬಂದರೆ ಮಾತ್ರ ಬಂಡೆ ಹತ್ತುವವನು ಜರ್ರನೆ ಕೆಳಗೆ, ಬೆಂಕಿ ಆರುತ್ತದೆ, ಮೈಮೇಲೆ ಕಬ್ಬಿಣ ಇದ್ದರೆ ಸಿಡಿಲು ಹುಡುಕಿಕೊಂಡು ಬರುತ್ತದೆ. ಜೂನ್ ತಿಂಗಳಲ್ಲಿ ಹಾವಸೆ ಹಿಡಿದ ಅಂಗಳದಲ್ಲಿ ನಡೆದವರಿಗೆ ಅಷ್ಟು ಸಾಕು, ಮಳೆ ಅಂತ ನಂಬುತ್ತಾರೆ. ಹನಿ ಹನಿಯನ್ನೂ ಬಿಡಿಸುತ್ತಾ ಕೂತರೆ ಗೇಮ್ ಮುಂದಿನ ಮಳೆಗಾಲಕ್ಕೂ ಮುಗಿಯುವುದಿಲ್ಲ.

ಬಡಗುಬೆಟ್ಟಿನವ, ಉಡುಪಿ

ಇವರು ಹೇಳಿದ್ದು ಸರಿ. ಬಣ್ಣ ಹಾಕಿ ಆದ ಮೇಲೆ ಆಡಿ ನೋಡಲು ಗೇಮಿನ ಬಿಲ್ಡ್ ಇಲ್ಲಿ ಹಾಕಿ. ನನ್ನ ಮನೆಯ ಲ್ಯಾಪ್‌ಟಾಪಿಗೆ ಗ್ರಾಫಿಕ್ಸ್ ಕಾರ್ಡೇ ಇಲ್ಲ, ಅದರಲ್ಲಿ ಓಡಿದರೆ ಎಲ್ಲರದ್ದರಲ್ಲೂ ಓಡುತ್ತದೆ.